ಅಮ್ಮನ ಹಲ್ಲು ಸೆಟ್ ಎರಡು ತುಂಡಾಗಿದೆ: ಜೋಡಿಸಲು 800, ಹೊಸದಕ್ಕೆ 18,000. ಯಾರ ಮಾತು ಕೇಳಲಿ?

ಪ್ರಶ್ನೆ: ನಮ್ಮ ಅಮ್ಮನಿಗೆ 74 ವರ್ಷ, ಊರು ಬ್ರಹ್ಮಾವರದ ಹತ್ತಿರ. 11 ವರ್ಷದ ಹಿಂದೆ ಮೇಲೆ ಕೆಳಗೆ ಪೂರ್ತಿ ಹಲ್ಲು ಸೆಟ್ ಮಾಡಿಸಿದ್ದೆವು. ಕಳೆದ ವಾರ ಊಟ ಮಾಡುತ್ತಿರುವಾಗ ಮೇಲಿನ ಸೆಟ್ ಸರಿಯಾಗಿ ನಡುವಿನಲ್ಲಿ ಎರಡು ತುಂಡಾಯಿತು. ಗಮ್ ಹಾಕಿ ಅಂಟಿಸಿದೆ, ನಾಲ್ಕು ದಿನ ನಿಂತು ಮತ್ತೆ ಬಿಟ್ಟಿತು. ಕೆಳಗಿನ ಸೆಟ್ ಗಟ್ಟಿಯಿದೆ, ಆದರೆ ಎರಡು ಮೂರು ವರ್ಷದಿಂದ ಸಡಿಲ. ಒಬ್ಬರು ಡಾಕ್ಟರು 800 ರೂಪಾಯಿಗೆ ಜೋಡಿಸಿ ಕೊಡುತ್ತೇನೆ ಎಂದರು. ಇನ್ನೊಬ್ಬರು ಇದನ್ನು ಬಿಟ್ಟುಬಿಡಿ, ಹೊಸ ಜೋಡಿಗೆ 18,000 ಆಗುತ್ತದೆ ಎಂದರು. ಮೂರು ವಾರದಲ್ಲಿ ಮನೆಯಲ್ಲಿ ಮದುವೆ ಇದೆ. ರಿಪೇರಿಗೆ ನಿಜವಾಗಿ ಎಷ್ಟಾಗುತ್ತದೆ, ಮಾಡಿಸಿದರೆ ಬಾಳುತ್ತದೆಯೇ?

ಉತ್ತರ: ಮೊದಲು ಗಮ್ಮಿನ ವಿಷಯ ಮುಗಿಸಿಬಿಡುತ್ತೇನೆ. ಬೈಯುವುದಿಲ್ಲ, ನನ್ನ ಹತ್ತಿರ ಬರುವ ಮುರಿದ ಸೆಟ್ಟುಗಳಲ್ಲಿ ಎಷ್ಟೋ ಒಂದು ಸುತ್ತು ಗಮ್ ಕಂಡೇ ಬಂದಿರುತ್ತವೆ. ಆದರೆ ಇನ್ನೊಮ್ಮೆ ಹಾಕಬೇಡಿ. ತಕ್ಷಣ ಹಿಡಿಯುವ ಆ ಗಮ್ ಸಯನೋಅಕ್ರಿಲೇಟ್ ಎಂಬ ರಾಸಾಯನಿಕ. ಒಣಗಿದ ಜಾಗದಲ್ಲಿ ಗಟ್ಟಿ ಹಿಡಿಯುತ್ತದೆ. ಬಾಯಿಯೊಳಗಿನ ಬಿಸಿಗೂ ಎಂಜಲಿಗೂ ದಿನ ಹೋದ ಹಾಗೆ ಸೋಲುತ್ತದೆ. ನಾಲ್ಕು ದಿನ ನಿಂತದ್ದೇ ಹೆಚ್ಚು. ನಮಗೆ ಅದರಿಂದ ಆಗುವ ಉಪದ್ರವ ಬೇರೆಯೇ. ಹೊಸದಾಗಿ ಮುರಿದ ಎರಡು ಅಂಚುಗಳನ್ನು ಹತ್ತಿರ ತಂದರೆ ಗೆರೆಯೂ ಕಾಣದ ಹಾಗೆ ಒಂದಕ್ಕೊಂದು ಕೂರುತ್ತವೆ. ರಿಪೇರಿಯ ಅಡಿಪಾಯವೇ ಅದು. ನಡುವೆ ಗಮ್ಮಿನ ಪದರ ಗಟ್ಟಿಯಾಗಿ ಕೂತರೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ, ಅಷ್ಟಕ್ಕೇ ಇಡೀ ಸೆಟ್ ಸ್ವಲ್ಪ ಅಗಲವಾಗುತ್ತದೆ ಅಥವಾ ಓರೆಯಾಗುತ್ತದೆ. ಬಾಯಿಗಿಟ್ಟಾಗ ಎಲ್ಲೋ ಒಂದು ಕಡೆ ಒತ್ತಿ ಹುಣ್ಣಾಗುತ್ತದೆ. ಹಾಗೆಂದು ಬ್ಲೇಡು, ಚಾಕು ಹಿಡಿದು ಗಮ್ ಕೆರೆಯಲು ಹೋಗಬೇಡಿ, ಅಂಚೇ ಹೋಗುತ್ತದೆ. ಹಾಕಿದ್ದನ್ನು ಡಾಕ್ಟರಿಗೆ ಮುಚ್ಚಿಡದೆ ಹೇಳಿ, ಸಾಕು. ತೆಗೆಯುವ ಕೆಲಸ ಅವರದ್ದು.

ಎರಡನೆಯದು, ಎರಡು ತುಂಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನಡುವೆ ಎಲ್ಲಾದರೂ ಚೂರು ಕಾಣೆಯಾಗಿದೆಯೇ? ಉಣ್ಣುವಾಗ ಮುರಿದದ್ದು ಎಂದಿದ್ದೀರಿ, ಅದಕ್ಕೇ ಕೇಳುವುದು. ಚೂರು ಹೊಟ್ಟೆಗೆ ಹೋಗಿದ್ದರೆ ಹೆಚ್ಚಿನ ಸಲ ತಾನಾಗಿ ಹೊರಗೆ ಹೋಗುತ್ತದೆ, ಶ್ವಾಸನಾಳಕ್ಕೆ ಹೋದರೆ ಕಷ್ಟ. ಸೆಟ್ಟಿನ ಗುಲಾಬಿ ಪ್ಲಾಸ್ಟಿಕ್ ಮಾಮೂಲಿ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಆದ್ದರಿಂದ ಚೂರು ಕಾಣೆಯಾಗಿದ್ದು, ಅಮ್ಮನಿಗೆ ಆವತ್ತಿನಿಂದ ಬಿಡದ ಕೆಮ್ಮು, ಉಬ್ಬಸ, ನುಂಗಲು ನೋವು ಏನಾದರೂ ಇದ್ದರೆ ಹಲ್ಲಿನ ಡಾಕ್ಟರಿಗಿಂತ ಮೊದಲು ಆಸ್ಪತ್ರೆಗೆ ಹೋಗಿ, ಸೆಟ್ ಮುರಿದ ವಿಷಯವನ್ನೂ ಅಲ್ಲಿ ಹೇಳಿ. ಚೂರೆಲ್ಲ ಕೈಯಲ್ಲೇ ಇದ್ದರೆ ಹೆದರಿಕೆಯಿಲ್ಲ.

ಈಗ ಆ ಇಬ್ಬರು ಡಾಕ್ಟರುಗಳು. 800 ಹೇಳಿದವರು ಕೈಯಲ್ಲಿದ್ದ ತುಂಡು ನೋಡಿ ಹೇಳಿದ್ದಾರೆ, 18,000 ಹೇಳಿದವರು 11 ವರ್ಷ ಎಂಬುದನ್ನು ಕೇಳಿ ಹೇಳಿರಬೇಕು. ಎರಡೂ ಈ ಊರಿನಲ್ಲಿ ಸಹಜವಾದ ಮೊತ್ತವೇ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ದುಡ್ಡಿನ ಮೇಲಲ್ಲ, "ಊಟ ಮಾಡುತ್ತಿರುವಾಗ" ಎಂಬ ಮಾತಿನ ಮೇಲೆ.

ಸೆಟ್ ಮುರಿಯುವುದು ಎರಡು ಬಗೆಯಲ್ಲಿ. ತೊಳೆಯುವಾಗ ಕೈಜಾರಿ ಸಿಂಕಿಗೋ ಕಲ್ಲಿನ ನೆಲಕ್ಕೋ ಬಿದ್ದು ಮುರಿದರೆ ಅದು ಅಪಘಾತ. ಸೆಟ್ಟಿನಲ್ಲಿ ದೋಷ ಇರಬೇಕೆಂದಿಲ್ಲ. ಜೋಡಿಸಿ ಕೊಟ್ಟರೆ ಮೊದಲಿನ ಹಾಗೆ ಕೂರುತ್ತದೆ, ವರ್ಷಗಟ್ಟಲೆ ನಡೆಯುವುದೂ ಉಂಟು. ಬಾಯಿಯೊಳಗೇ ಮುರಿದರೆ ಕಥೆ ಬೇರೆ. ಗಂಜಿ, ಪಲ್ಯ ಉಣ್ಣುವಾಗ ಬೀಳುವ ಒತ್ತಡಕ್ಕೆ ಒಳ್ಳೆಯ ಸೆಟ್ ಒಂದೇ ಏಟಿಗೆ ಮುರಿಯುವುದಿಲ್ಲ. ಕಬ್ಬಿಣದ ತಂತಿಯನ್ನು ಅತ್ತ ಇತ್ತ ಬಗ್ಗಿಸುತ್ತಾ ಇದ್ದರೆ ಒಂದು ಹೊತ್ತಿಗೆ ಪಟಕ್ಕೆಂದು ತುಂಡಾಗುತ್ತದಲ್ಲ, ಅದೇ ರೀತಿ. ಬಗ್ಗುವುದು ವರ್ಷಗಳಿಂದ ನಡೆದಿತ್ತು, ತುಂಡಾದದ್ದು ಕಳೆದ ವಾರ.

ಬಗ್ಗುವುದು ಯಾಕೆ? ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ಸವೆಯಲು ಶುರುವಾಗುತ್ತದೆ. ಮೊದಲ ವರ್ಷ ಬೇಗ ಬೇಗ, ಆಮೇಲೆ ನಿಧಾನ, ಆದರೆ ಪೂರ್ತಿ ನಿಲ್ಲುವುದಿಲ್ಲ. ಕೆಳದವಡೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಸವೆಯುತ್ತದೆ. ನಿಮ್ಮ ಅಮ್ಮನ ಕೆಳಗಿನ ಸೆಟ್ ಸಡಿಲವಾಗಿರುವುದೂ ಇದರಿಂದಲೇ ಇರಬೇಕು. ಮೇಲಿನ ದವಡೆಯಲ್ಲಿ ಇನ್ನೊಂದು ತೊಡಕಿದೆ: ಹಲ್ಲಿದ್ದ ಜಾಗದ ಎರಡು ಬದಿ ತಗ್ಗುತ್ತಾ ಹೋದರೂ ಅಂಗುಳದ ನಡುಗೆರೆ ಗಟ್ಟಿ ಮೂಳೆ, ಅದು ಇದ್ದಲ್ಲೇ ಇರುತ್ತದೆ. 11 ವರ್ಷದಲ್ಲಿ ಸೆಟ್ ಆ ನಡುಗೆರೆಯ ಮೇಲೆ ತಕ್ಕಡಿಯ ಹಾಗೆ ಕೂತುಬಿಡುತ್ತದೆ. ಎಡಗಡೆ ಅಗಿದರೆ ಬಲಗಡೆ ಏಳುತ್ತದೆ, ಬಲಗಡೆ ಅಗಿದರೆ ಎಡಗಡೆ. ಎರಡೂ ಕಡೆ ಒಟ್ಟಿಗೆ ಕಚ್ಚಿದರೆ ನಡುವಿನಲ್ಲಿ ಬಗ್ಗುತ್ತದೆ. ಅದರ ಮೇಲೆ, ಮೇಲ್ತುಟಿಯ ಒಳಗಿರುವ ಚರ್ಮದ ಪಟ್ಟಿಗೆ ತಾಗದಿರಲೆಂದು ಸೆಟ್ಟಿನ ಮುಂದುಗಡೆ ನಡುವಿನಲ್ಲಿ ಒಂದು ಕಚ್ಚು ಬಿಟ್ಟಿರುತ್ತೇವೆ. ಬಿರುಕು ಹೆಚ್ಚಾಗಿ ಹೊರಡುವುದು ಅಲ್ಲಿಂದ. ಹಾಲಿನ ಪ್ಯಾಕೆಟಿಗೆ ಹಲ್ಲಿನಿಂದ ಸಣ್ಣ ಕಚ್ಚು ಹಾಕಿದರೆ ಆಮೇಲೆ ಸರಕ್ಕೆಂದು ಹರಿಯುವ ಹಾಗೆ.

ಇದನ್ನು ನಾನು ಪುಸ್ತಕದಿಂದ ಕಲಿತು ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ತಲೆಗೆ ಹೋದದ್ದು ಕ್ಲಿನಿಕ್ ತೆರೆದ ಹೊಸತರಲ್ಲಿ, ರಿಟೈರ್ ಆದ ಮಾಸ್ಟ್ರೊಬ್ಬರಿಂದ. ಅವರ ಮೇಲಿನ ಸೆಟ್ ಒಂದೇ ವರ್ಷದಲ್ಲಿ ಮೂರು ಸಲ ಮುರಿಯಿತು. ಎರಡು ಸಲ ತುಂಡು ತೆಗೆದುಕೊಂಡೆ, ಲ್ಯಾಬಿಗೆ ಕಳಿಸಿದೆ, ಜೋಡಿಸಿ ಬಂದದ್ದನ್ನು ಕೊಟ್ಟೆ, ದುಡ್ಡೂ ತೆಗೆದುಕೊಂಡೆ. ಎರಡನೆಯ ಸಲ ಅವರ ಹೆಂಡತಿ ಮಾಡುವ ಹಲಸಿನ ಹಪ್ಪಳದ ಮೇಲೆ ತಪ್ಪು ಹೊರಿಸಿ "ಹಪ್ಪಳ ಬಿಡಿ ಮಾಸ್ಟ್ರೇ" ಎಂದು ಉಪದೇಶವನ್ನೂ ಕೊಟ್ಟಿದ್ದೆ. ಮೂರನೆಯ ಸಲ ಬಂದವರು ತುಂಡುಗಳನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಹೇಳಿದರು: "ಡಾಕ್ಟ್ರೇ, ನೀವು ಜೋಡಿಸಿದ್ದು ಗಟ್ಟಿಯೇ ಉಂಟು. ಮುರಿದದ್ದು ಅದರ ಬದಿಯಲ್ಲಿ." ನೋಡಿದರೆ ಹೌದು. ಜೋಡಿಸಲು ತುಂಬಿದ ಹೊಸ ಅಕ್ರಿಲಿಕ್ಕಿನ, ಅಂದರೆ ಸೆಟ್ಟಿನ ಪ್ಲಾಸ್ಟಿಕ್ಕಿನ, ಪಟ್ಟಿ ಹಾಗೇ ಇತ್ತು, ಅದಕ್ಕೆ ತಾಗಿದ ಹಳೆಯ ಭಾಗ ಬಿಟ್ಟಿತ್ತು. ಆವತ್ತು ಜೋಡಿಸಿದ ಸೆಟ್ಟನ್ನು ಬಾಯಿಯಲ್ಲಿಟ್ಟು ಎಡಗಡೆಯ ದವಡೆಹಲ್ಲಿನ ಮೇಲೊಂದು ಬೆರಳು, ಬಲಗಡೆ ಒಂದು ಬೆರಳು ಇಟ್ಟು ಒಂದಾದ ಮೇಲೊಂದು ಒತ್ತಿದೆ. ಏರಿಳಿಯಿತು. ಒಂದು ವರ್ಷದಿಂದ ಬಾಯಿಯೊಳಗೆ ನಡೆಯುತ್ತಿದ್ದುದನ್ನು ಕಾಣಲು ಎರಡು ಬೆರಳು ಸಾಕಿತ್ತು, ನಾನು ಇಟ್ಟಿರಲಿಲ್ಲ. ಒಳಮೈಗೆ ಹೊಸ ಅಳತೆ ತೆಗೆದು ರೀಲೈನ್, ಅಂದರೆ ಒಳಮೈಗೆ ಹೊಸ ಪದರ ತುಂಬಿ ಬಾಯಿಗೆ ಹೊಂದಿಸುವ ಕೆಲಸ, ಮಾಡಿಸಿದೆ, ಅದರ ದುಡ್ಡು ಕೇಳಲು ಬಾಯಿ ಬರಲಿಲ್ಲ. ಆಮೇಲೆ ಆ ಸೆಟ್ ಮುರಿಯಲಿಲ್ಲ. ಹಪ್ಪಳವೂ ಮತ್ತೆ ಶುರುವಾಯಿತು ಎಂದು ಕೇಳಿದ್ದೇನೆ.

ಆದ್ದರಿಂದ ನಿಮ್ಮ ಇಬ್ಬರು ಡಾಕ್ಟರುಗಳಲ್ಲಿ ಯಾರು ಸರಿ ಎಂದು ನಾನು ಇಲ್ಲಿಂದ ಹೇಳಲಾರೆ. ಯಾರ ಹತ್ತಿರ ಹೋಗಬೇಕು ಎಂದು ಹೇಳಬಲ್ಲೆ: ಸೆಟ್ಟನ್ನು ಮಾತ್ರ ನೋಡದೆ ಅಮ್ಮನ ಬಾಯಿ ತೆರೆಸಿ, ಬೆರಳಿಟ್ಟು, ಯಾಕೆ ಮುರಿಯಿತು ಎಂದು ಹೇಳುವವರ ಹತ್ತಿರ. ಕಾರಣ ಹಾಗೇ ಉಳಿಸಿ ಜೋಡಿಸಿದರೆ 800 ಎನ್ನುವುದು ಮೊದಲ ಕಂತು ಅಷ್ಟೆ.

ಇನ್ನು ಜೋಡಿಸುವುದು ಎಂದರೇನು ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಯಾಕೆಂದರೆ ಒಂದೇ ಹೆಸರಿನ ಕೆಲಸಕ್ಕೆ ಒಬ್ಬರು 500 ಹೇಳುವುದು, ಇನ್ನೊಬ್ಬರು 1,500 ಹೇಳುವುದು ಇಲ್ಲೇ ತಿಳಿಯುತ್ತದೆ. ಸೆಟ್ಟಿನ ಪ್ಲಾಸ್ಟಿಕ್ ಪಾಲಿಮಿಥೈಲ್ ಮೆಥಾಕ್ರಿಲೇಟ್, ನಮ್ಮ ಬಾಯಲ್ಲಿ ಸುಮ್ಮನೆ ಅಕ್ರಿಲಿಕ್. ಹಲ್ಲಿನ ಸೆಟ್ಟಿಗೆ ಇದು ಬಂದದ್ದು 1937ರ ಸುಮಾರಿಗೆ. ಅದಕ್ಕೂ ಮೊದಲು ವಲ್ಕನೈಟ್ ಎಂಬ ಗಟ್ಟಿ ರಬ್ಬರಿನ ಸೆಟ್ಟುಗಳಿದ್ದವು. ಹೊಸ ಸೆಟ್ ಮಾಡುವಾಗ ಅಕ್ರಿಲಿಕ್ಕನ್ನು ಅಚ್ಚಿನಲ್ಲಿ ತುಂಬಿ ಬಿಸಿನೀರಿನಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ರಿಪೇರಿಗೆ ಬಳಸುವುದು ಅದರ ತಂಗಿ, ಕೋಲ್ಡ್ ಕ್ಯೂರ್. ಪುಡಿ ಮತ್ತು ದ್ರವ ಸೇರಿಸಿದರೆ ಬೇಯಿಸದೆ ತಾನೇ ಕೆಲವು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಮುರಿದದ್ದನ್ನು ಮತ್ತೆ ಬೇಯಿಸಿದರೆ ಹಳೆಯ ಭಾಗ ಸೊಟ್ಟಗಾಗುವ ಭಯ, ಅದಕ್ಕೆ ಕೋಲ್ಡ್ ಕ್ಯೂರ್.

ನನ್ನ ಕೆಲಸ ಹೋಗುವ ಲ್ಯಾಬಿನಲ್ಲಿ ಹಿರಿಯ ಟೆಕ್ನಿಷಿಯನ್ ಒಬ್ಬರಿದ್ದಾರೆ. ಅವರು ಮೊದಲು ಎರಡು ತುಂಡುಗಳನ್ನು ಕೈಯಲ್ಲಿ ಸೇರಿಸಿ ಬೆಳಕಿಗೆ ಹಿಡಿಯುತ್ತಾರೆ, ಗೆರೆಯಲ್ಲಿ ಬೆಳಕು ನುಸುಳಬಾರದು. ಆಮೇಲೆ ಅಂಟುಮೇಣ ಕರಗಿಸಿ ಹೊರಗಡೆಯಿಂದ ಹಿಡಿಸುತ್ತಾರೆ. ಜಾರದಿರಲು ಎಡದ ಹಲ್ಲಿನಿಂದ ಬಲದ ಹಲ್ಲಿಗೆ ಎರಡು ಬೆಂಕಿಕಡ್ಡಿ ಅಡ್ಡ ಇಟ್ಟು ಅದಕ್ಕೂ ಮೇಣ. ಎಷ್ಟು ಯಂತ್ರ ಬಂದರೂ ಆ ಬೆಂಕಿಕಡ್ಡಿಗೆ ಬದಲಿ ಬಂದಿಲ್ಲ ಎನ್ನುತ್ತಾರೆ ಅವರು. ಒಳಮೈಗೆ ಪ್ಲಾಸ್ಟರ್ ಹೊಯ್ದು ಅದು ಗಟ್ಟಿಯಾದ ಮೇಲೆ ಬಾಯಿಯ ಆಕಾರದ ಅಚ್ಚು ಸಿಗುತ್ತದೆ. ಈಗ ತುಂಡುಗಳನ್ನು ತೆಗೆದು, ನೋಡುವವರಿಗೆ ಎದೆ ಝಲ್ ಎನ್ನುವ ಕೆಲಸ ಮಾಡುತ್ತಾರೆ: ಅಷ್ಟು ಚಂದ ಕೂರುತ್ತಿದ್ದ ಅಂಚುಗಳನ್ನು ಅರೆದು ಎರಡು ಮೂರು ಮಿಲಿಮೀಟರ್ ಸಂದು ಮಾಡುತ್ತಾರೆ, ಅಂಚನ್ನು ಓರೆಯಾಗಿ ಇಳಿಸುತ್ತಾರೆ. ಹೊಸ ಅಕ್ರಿಲಿಕ್ಕಿಗೆ ಹಿಡಿಯಲು ಮೈ ಬೇಕಲ್ಲ. ತುಂಡುಗಳನ್ನು ಮತ್ತೆ ಅಚ್ಚಿನ ಮೇಲೆ ಕೂರಿಸಿ, ಅಂಚಿಗೆ ದ್ರವ ಸವರಿ, ಒಂದು ಹನಿ ದ್ರವ ಒಂದು ಚಿಟಿಕೆ ಪುಡಿ ಎಂದು ಸಂದನ್ನು ತುಂಬುತ್ತಾ ಹೋಗುತ್ತಾರೆ, ಸ್ವಲ್ಪ ಉಬ್ಬುವಷ್ಟು. ಕೂಡಲೇ ಅದನ್ನು ಉಗುರು ಬಿಸಿ ನೀರಿರುವ ಪ್ರೆಶರ್ ಪಾಟಿಗೆ, ಅಂದರೆ ಕುಕ್ಕರಿನ ತಮ್ಮನಂಥ ಪಾತ್ರೆಗೆ, ಹಾಕಿ ಗಾಳಿ ತುಂಬುತ್ತಾರೆ. ಗಟ್ಟಿಯಾದ ಮೇಲೆ ಉಜ್ಜಿ, ಪ್ಯೂಮಿಸ್ ಪುಡಿಯಲ್ಲಿ ನುಣುಪು ಮಾಡಿ, ಹೊಳಪು ಕೊಡುತ್ತಾರೆ. ಒಟ್ಟು ಎರಡು ಗಂಟೆಯ ಕೆಲಸ. ಬೆಳಿಗ್ಗೆ ಕೊಟ್ಟರೆ ಸಂಜೆ, ತಪ್ಪಿದರೆ ಮರುದಿನ ಸಿಗುತ್ತದೆ.

ಕಡಿಮೆ ದುಡ್ಡಿನ, ಹತ್ತು ನಿಮಿಷದ ರಿಪೇರಿಯಲ್ಲಿ ಬಿಟ್ಟುಹೋಗುವುದು ಅಚ್ಚು ಅಥವಾ ಪ್ರೆಶರ್. ಅಚ್ಚಿಲ್ಲದೆ ಕೈಯಲ್ಲೇ ಹಿಡಿದು ತುಂಬಿದರೆ ಸೆಟ್ ಓರೆಯಾಗಬಹುದು. ಪ್ರೆಶರ್ ಇಲ್ಲದೆ ಗಟ್ಟಿಯಾದರೆ ಒಳಗೆ ಗುಳ್ಳೆ. ಗುಳ್ಳೆ ಇದ್ದಲ್ಲಿ ಬಲ ಕಡಿಮೆ, ಎಲೆ ಅಡಿಕೆಯ ಕಲೆ ಮತ್ತು ವಾಸನೆ ಬೇಗ ಹಿಡಿಯುತ್ತದೆ. ಎಲ್ಲ ಸರಿಯಾಗಿ ಮಾಡಿದರೂ ಕೋಲ್ಡ್ ಕ್ಯೂರ್ ಜೋಡಣೆಗೆ ಮೂಲ ಸೆಟ್ಟಿನ ಬಲದ ಮೂರರಲ್ಲಿ ಎರಡು ಪಾಲು ಸಿಕ್ಕಿದರೆ ಪುಣ್ಯ. ಒಳಗೆ ಲೋಹದ ಜಾಲರಿಯನ್ನೋ ಗಾಜಿನ ನಾರನ್ನೋ ಬಿರುಕಿಗೆ ಅಡ್ಡವಾಗಿ ಕೂರಿಸಿದರೆ ಸ್ವಲ್ಪ ಹೆಚ್ಚು ತಾಳುತ್ತದೆ. ಜಾಲರಿ ಹಾಕಿದರೂ ತಕ್ಕಡಿ ತಕ್ಕಡಿಯೇ, ಅದನ್ನು ಮರೆಯಬೇಡಿ.

ರಿಪೇರಿಯಾಗಿ ಬಂದ ಸೆಟ್ಟಿಗೆ ಒಂಥರಾ ಘಾಟು ವಾಸನೆ ಇರುತ್ತದೆ. ಪೂರ್ತಿ ಗಟ್ಟಿಯಾಗದೆ ಉಳಿದ ದ್ರವದ್ದು ಅದು, ಕೆಲವರಿಗೆ ಬಾಯಿ ಉರಿ ಬರಿಸುತ್ತದೆ. ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಹಾಕಿಕೊಳ್ಳಲಿ.

ಈಗ ದುಡ್ಡು. ಇದಕ್ಕೆ ಯಾರೂ ನಿಗದಿ ಮಾಡಿದ ದರಪಟ್ಟಿ ಇಲ್ಲ. ಮಂಗಳೂರು, ಉಡುಪಿ ಕಡೆಯ ಖಾಸಗಿ ಕ್ಲಿನಿಕ್ಕುಗಳಲ್ಲಿ ನಡೆಯುವ ಲೆಕ್ಕವನ್ನು ಅಂದಾಜಿಗೆ ಹೇಳುತ್ತೇನೆ, ನೂರು ಇನ್ನೂರು ಆಚೀಚೆ ಇದ್ದೇ ಇರುತ್ತದೆ. ನಿಮ್ಮದರ ಹಾಗೆ ಎರಡೇ ತುಂಡಾದ, ಚೂರು ಕಳೆಯದ ಸೆಟ್ಟಿಗೆ 600ರಿಂದ 1,500. ಜಾಲರಿ ಅಥವಾ ನಾರು ಹಾಕಿದರೆ 1,500 ದಾಟುತ್ತದೆ, 3,000ದವರೆಗೂ ಹೋಗುತ್ತದೆ. ಒಂದು ಹಲ್ಲು ಮಾತ್ರ ಕಳಚಿ, ಆ ಹಲ್ಲು ಕೈಯಲ್ಲೇ ಇದ್ದರೆ 300ರಿಂದ 700. ಹಲ್ಲು ಸಿಂಕಿನಲ್ಲಿ ಹೋಗಿದ್ದರೆ ಬಣ್ಣ, ಅಳತೆ ಹೊಂದುವ ಹೊಸ ಹಲ್ಲು ಹುಡುಕಬೇಕು, ಸ್ವಲ್ಪ ಹೆಚ್ಚು. ಒಳಮೈಗೆ ಹೊಸ ಅಕ್ರಿಲಿಕ್ ತುಂಬಿ ಬಾಯಿಗೆ ಹೊಂದಿಸುವ ರೀಲೈನಿಗೆ ಒಂದು ದವಡೆಗೆ 2,000ದಿಂದ 4,000. ಒಳಮೈಗೆ ತಾತ್ಕಾಲಿಕವಾಗಿ ಹಾಕುವ ಮೆತ್ತನೆಯ ಪದರಕ್ಕೆ, ಅಂದರೆ ಲೈನರಿಗೆ, ಸಾವಿರದ ಆಸುಪಾಸು. ಹೊಸ ಜೋಡಿ ಸೆಟ್ಟಿಗೆ 12,000ದಿಂದ 30,000, ಒಳ್ಳೆಯ ಹಲ್ಲು, ಗಟ್ಟಿ ಅಕ್ರಿಲಿಕ್ ಎಂದರೆ ಇನ್ನೂ ಮೇಲೆ. ನಿಮಗೆ ಹೇಳಿದ 18,000 ಇದರ ನಡುವೆಯೇ ಬರುತ್ತದೆ. ಈ ಮೊತ್ತದಲ್ಲಿ ಲ್ಯಾಬಿಗೆ ಹೋಗುವುದು ಒಂದು ಪಾಲು, ಉಳಿದದ್ದು ಡಾಕ್ಟರ ಕುರ್ಚಿಯ ಹೊತ್ತು. ರಿಪೇರಿಯ ನಂತರ ಬಾಯಲ್ಲಿಟ್ಟು, ಎಲ್ಲಿ ಒತ್ತುತ್ತದೆ ನೋಡಿ, ಕಚ್ಚುವಿಕೆ ಸರಿಮಾಡಿ ಕೊಡುತ್ತಾರೋ, ಇಲ್ಲವೇ ಕೌಂಟರಿನಲ್ಲಿ ಕವರು ಕೊಟ್ಟು ಕಳಿಸುತ್ತಾರೋ ಎಂದು ಮೊದಲೇ ಕೇಳಿ. 500ಕ್ಕೂ 1,200ಕ್ಕೂ ಇರುವ ಅಂತರ ಎಷ್ಟೋ ಸಲ ಅಷ್ಟರದ್ದೇ.

ದುಡ್ಡಿನ ಚಿಂತೆ ಇದ್ದರೆ ನಿಮ್ಮ ಪುಣ್ಯಕ್ಕೆ ಈ ಕರಾವಳಿಯಲ್ಲಿ ಡೆಂಟಲ್ ಕಾಲೇಜುಗಳಿಗೆ ಬರವಿಲ್ಲ. ಬ್ರಹ್ಮಾವರದಿಂದ ನಿಮಗೆ ಹತ್ತಿರ ಮಣಿಪಾಲದ ಡೆಂಟಲ್ ಕಾಲೇಜು. ಮಂಗಳೂರು ಕಡೆಯವರಿಗಾದರೆ ಲೈಟ್‌ಹೌಸ್ ಹಿಲ್ಲಿನಲ್ಲಿರುವ ಮಣಿಪಾಲದವರದೇ ಇನ್ನೊಂದು ಕಾಲೇಜು, ದೇರಳಕಟ್ಟೆಯಲ್ಲಿ ಎ.ಬಿ. ಶೆಟ್ಟಿ ಮತ್ತು ಯೇನೆಪೋಯ, ಕುಂಟಿಕಾನದಲ್ಲಿ ಎ.ಜೆ. ಪ್ರತಿಯೊಂದರಲ್ಲೂ ಪ್ರೊಸ್ತೊಡಾಂಟಿಕ್ಸ್ ಎಂಬ ವಿಭಾಗ ಇರುತ್ತದೆ, ಹಲ್ಲು ಸೆಟ್ಟಿನ ಕೆಲಸ ಅಲ್ಲಿಯದ್ದು. ಖಾಸಗಿ ಕ್ಲಿನಿಕ್ಕಿಗಿಂತ ಬಹಳ ಕಡಿಮೆ ದುಡ್ಡಿಗೆ ಆಗುತ್ತದೆ. ಹೆಚ್ಚಿನ ಕೆಲಸ ಮಾಡುವವರು ಕಲಿಯುವ ಮಕ್ಕಳು, ಪ್ರತಿ ಹಂತದಲ್ಲೂ ಅಧ್ಯಾಪಕರು ಬಂದು ನೋಡಿ ಸಹಿ ಹಾಕಿದ ಮೇಲೆಯೇ ಮುಂದಿನದು. ಹಾಗಾಗಿ ಹೊತ್ತು ಹೋಗುತ್ತದೆ, ಕೆಲಸ ಕೆಡುವುದು ಕಡಿಮೆ. ಬೆಳಿಗ್ಗೆ ಬೇಗ ಹೋಗಿ ಒಪಿಡಿ ಚೀಟಿ ಮಾಡಿಸಿ, ಅಮ್ಮನಿಗೆ ತಿಂಡಿ ಕೊಟ್ಟೇ ಕರೆದುಕೊಂಡು ಹೋಗಿ. ಬಿಪಿಎಲ್ ಕಾರ್ಡ್ ಇದ್ದರೆ ಅದನ್ನೂ ತೆಗೆದುಕೊಂಡು ಹೋಗಿ. ಬಡ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ ಮಾಡಿಸಿಕೊಡಲು ರಾಜ್ಯ ಸರ್ಕಾರ ದಂತಭಾಗ್ಯ ಎಂಬ ಯೋಜನೆ ತಂದಿದೆ. ಹೊಸ ಸೆಟ್ ಮಾಡಿಸುವುದಾದರೆ ಅದರ ಬಗ್ಗೆ ಅಲ್ಲಿಯೇ ವಿಚಾರಿಸಿ.

ನಿಮ್ಮ ಅಮ್ಮನ ವಿಷಯಕ್ಕೆ ಬಂದರೆ, ನೋಡದೆ ಹೇಳುವ ಮಾತಾದ್ದರಿಂದ ಅಷ್ಟಕ್ಕೇ ಬೆಲೆ ಕೊಡಿ. ನಾನಾದರೆ ಹೀಗೆ ಮಾಡುತ್ತಿದ್ದೆ. ಮದುವೆಗೆ ಮೂರು ವಾರ ಇದೆ ಎಂದು ಈಗ ಹೊಸ ಸೆಟ್ ಶುರು ಮಾಡುವುದಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮದುವೆಯ ಫೋಟೋಕ್ಕೆ ಹೊಸ ಹಲ್ಲು ಇರಲಿ ಎಂದು ಓಡಿಬರುವ ಮಕ್ಕಳು ಬಹಳ. ಹೊಸ ಜೋಡಿಗೆ ಸಾಮಾನ್ಯವಾಗಿ ಐದು ಸಲ ಬರಬೇಕು: ಎರಡು ಸಲ ಅಳತೆ, ಒಮ್ಮೆ ಮೇಲೆ ಕೆಳಗೆ ಎರಡರ ನಡುವಿನ ಎತ್ತರ ನೋಡಲು, ಒಮ್ಮೆ ಮೇಣದಲ್ಲಿ ಹಲ್ಲು ಜೋಡಿಸಿ ಮುಖಕ್ಕೆ ಒಪ್ಪುತ್ತದೆಯೇ ನೋಡಲು, ಕೊನೆಗೆ ಹಾಕಿ ಕೊಡಲು. ಹಾಕಿದ ಮೇಲೆ ಅಲ್ಲಿ ಇಲ್ಲಿ ಒತ್ತಿ ಹುಣ್ಣಾಗುತ್ತದೆ, ಎರಡು ಮೂರು ಸಲ ಬಂದು ಉಜ್ಜಿಸಿಕೊಳ್ಳಬೇಕು. ನಾಲಿಗೆ, ಕೆನ್ನೆ ಹೊಸ ಸೆಟ್ಟಿನೊಂದಿಗೆ ಅಗಿಯಲು ಕಲಿಯಲು ಒಂದೂವರೆ ಎರಡು ತಿಂಗಳು ಬೇಕು, 74ರ ವಯಸ್ಸಿನಲ್ಲಿ ಇನ್ನೂ ಹೆಚ್ಚು. ಅವಸರದಲ್ಲಿ ಮಾಡಿಸಿದರೆ ಊಟದ ಪಂಕ್ತಿಯಲ್ಲಿ ಅಮ್ಮ ಬಾಯಿ ನೋವೆಂದು ಪಾಯಸ ಮಾತ್ರ ಕುಡಿದು ಏಳುತ್ತಾರೆ.

ಈಗ ಮೇಲಿನದನ್ನು ಜೋಡಿಸಿ. ಗಮ್ ತಾಗಿದ ಅಂಚು ಸರಿಯಾಗಿ ಕೂರದಿದ್ದರೆ ಡಾಕ್ಟರು ತುಂಡುಗಳನ್ನು ಬಾಯಿಯಲ್ಲೇ ಇಟ್ಟು ಮೇಲಿನಿಂದ ಅಳತೆ ತೆಗೆದು ಜೋಡಿಸಬಹುದು, ಸ್ವಲ್ಪ ಹೆಚ್ಚು ದುಡ್ಡಾಗುತ್ತದೆ. ಜೋಡಿಸಿದ ಮೇಲೆ ಎರಡು ಬೆರಳಿಟ್ಟು ನೋಡಲಿ. ತಕ್ಕಡಿಯಾಡಿದರೆ ನಡುಗೆರೆ ತಾಗುವಲ್ಲಿ ತುಸು ಉಜ್ಜಿ, ಮೇಲೆ ಕೆಳಗೆ ಎರಡಕ್ಕೂ ಮೆತ್ತನೆಯ ಲೈನರ್ ಹಾಕಲಿ. ಅದು ಕೆಲವು ವಾರಗಳ ಮಟ್ಟಿಗಿನದು, ಆಮೇಲೆ ಗಟ್ಟಿಯಾಗಿ ಗಲೀಜಾಗುತ್ತದೆ, ಆದರೆ ಮದುವೆ ಅಷ್ಟರೊಳಗೆ ಮುಗಿಯುತ್ತದೆ. ಒಟ್ಟು ಮೂರು ಸಾವಿರದ ಸುತ್ತಮುತ್ತ. ಹಾಗೆ ಮದುವೆ ಮುಗಿಸಿ, ನೆಂಟರು ಹೋದ ಮೇಲೆ ಹೊಸ ಜೋಡಿ ಶುರು ಮಾಡಿ. ಜೋಡಿಸಿದ ಹಳೆಯದು ಸ್ಪೇರ್ ಆಗಿ ಇರಲಿ, ಎಂದಾದರೂ ಹೊಸದು ರಿಪೇರಿಗೆ ಹೋದ ದಿನ ಅಮ್ಮ ಬಾಯಿ ಮುಚ್ಚಿಕೊಂಡು ಕೂರಬೇಕಿಲ್ಲ.

ಬರೀ ರೀಲೈನ್ ಮಾಡಿಸಿ ಇದನ್ನೇ ಮುಂದುವರಿಸಬಾರದೇ ಎಂದು ಕೇಳಬಹುದು. ಐದಾರು ವರ್ಷದ ಸೆಟ್ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. 11 ವರ್ಷದಲ್ಲಿ ಅಕ್ರಿಲಿಕ್ ಹಲ್ಲುಗಳ ತುದಿ ಸವೆದು ಚಪ್ಪಟೆಯಾಗಿರುತ್ತದೆ, ಅದರಲ್ಲೂ ಅಮ್ಮ ಎಲೆ ಅಡಿಕೆ ಹಾಕುವವರಾದರೆ ಕೇಳುವುದೇ ಬೇಡ. ಹಲ್ಲು ಸವೆದಷ್ಟು ಬಾಯಿ ಹೆಚ್ಚು ಮುಚ್ಚುತ್ತದೆ, ಗಲ್ಲ ಮೂಗಿನ ಹತ್ತಿರ ಬರುತ್ತದೆ, ತುಟಿಯ ಮೂಲೆಯಲ್ಲಿ ಒದ್ದೆಯಾಗಿ ಒಡೆದು ಹುಣ್ಣಾಗುತ್ತದೆ. ಇವತ್ತು ಅಮ್ಮನ ತುಟಿಯ ಮೂಲೆ ನೋಡಿ. ರೀಲೈನಿನಿಂದ ಸೆಟ್ ಅಲುಗಾಡುವುದು ನಿಲ್ಲಬಹುದು, ಸವೆದ ಹಲ್ಲಿನ ಎತ್ತರ ಬರುವುದಿಲ್ಲ. ಕೆಳಗಿನ ಸೆಟ್ ಹೊಸದಾದರೂ ನಿಲ್ಲುವುದು ಕಷ್ಟ ಎನ್ನುವಷ್ಟು ಮೂಳೆ ಸವೆದಿದ್ದರೆ ಕೆಳಗೆ ಮುಂಭಾಗದಲ್ಲಿ ಎರಡು ಇಂಪ್ಲಾಂಟ್, ಅಂದರೆ ಮೂಳೆಯೊಳಗೆ ಇಳಿಸುವ ಲೋಹದ ಸ್ಕ್ರೂ, ಕೂರಿಸಿ ಅದರ ಮೇಲೆ ಸೆಟ್ ಕ್ಲಿಪ್ ಮಾಡುವುದಿದೆ. ಒಳ್ಳೆಯ ಪರಿಹಾರ, ಲಕ್ಷದ ಹತ್ತಿರದ ಖರ್ಚು. ಸಕ್ಕರೆ ಕಾಯಿಲೆ ಇಲ್ಲದೆ ಅಥವಾ ಹತೋಟಿಯಲ್ಲಿದ್ದು, ದುಡ್ಡೂ ಇದ್ದರೆ ಮಾತ್ರ ಯೋಚಿಸಿ, ಮದುವೆಯ ಖರ್ಚಿನ ನಡುವೆ ಬೇಡ.

ಬೇರೆ ಬಗೆಯ ಸೆಟ್ ಇರುವ ಓದುಗರಿಗೂ ಎರಡು ಮಾತು. ನಾಲ್ಕೈದು ಹಲ್ಲಿನ ತೆಗೆದು ಹಾಕುವ ಸೆಟ್ಟಿನಲ್ಲಿ ತಂತಿ ತುಂಡಾದರೆ ಹೊಸ ತಂತಿ ಹಾಕಿಸಬಹುದು, ಸೆಟ್ಟನ್ನು ಬಾಯಲ್ಲಿಟ್ಟೇ ಅಳತೆ ಕೊಡಬೇಕಾಗುತ್ತದೆ. ಬಗ್ಗುವ, ತಂತಿಯಿಲ್ಲದ ಫ್ಲೆಕ್ಸಿಬಲ್ ಸೆಟ್ ನೈಲಾನಿನದು. ಅದಕ್ಕೆ ಸಾಮಾನ್ಯ ಅಕ್ರಿಲಿಕ್ ಹಿಡಿಯುವುದಿಲ್ಲ, ರಿಪೇರಿ ಹೆಚ್ಚಿನ ಕಡೆ ಆಗುವುದಿಲ್ಲ, ಮಾಡಿಸುವ ಮೊದಲೇ ಇದನ್ನು ತಿಳಿದಿರಿ. ಲೋಹದ ತಟ್ಟೆಯ ಸೆಟ್ಟಿನಲ್ಲಿ ಲೋಹವೇ ಮುರಿದರೆ ವೆಲ್ಡಿಂಗ್ ಆಗುವ ಲ್ಯಾಬಿಗೇ ಹೋಗಬೇಕು, ಖರ್ಚೂ ಅದಕ್ಕೆ ತಕ್ಕ ಹಾಗೆ. ಮೇಲೆ ಪೂರ್ತಿ ಸೆಟ್, ಕೆಳಗೆ ಮುಂದಿನ ಸ್ವಂತ ಹಲ್ಲುಗಳು ಇರುವವರ ಮೇಲಿನ ಸೆಟ್ ಬೇಗ ಮುರಿಯುತ್ತದೆ, ಸ್ವಂತ ಹಲ್ಲಿನ ಏಟು ಜೋರು. ಅಂಥವರು ಮೊದಲ ರಿಪೇರಿಯಲ್ಲೇ ಜಾಲರಿ ಹಾಕಿಸುವುದು ಲೇಸು.

ಹೊಸದು ಬಂದ ಮೇಲೆ ತೊಳೆಯುವಾಗ ಬೇಸಿನಿನಲ್ಲಿ ಒಂದು ಬೈರಾಸು ಹಾಸಿ, ಅಥವಾ ಅರ್ಧ ನೀರು ತುಂಬಿಸಿಕೊಳ್ಳಿ. ಬಿದ್ದರೂ ಮುರಿಯುವುದಿಲ್ಲ. ಕುದಿನೀರು ಹೊಯ್ಯಬಾರದು, ಸೆಟ್ ಸೊಟ್ಟಗಾಗುತ್ತದೆ. ಪೇಸ್ಟ್ ಹಾಕಿ ಉಜ್ಜಿದರೆ ಗೀರು ಬೀಳುತ್ತದೆ, ಮೆತ್ತನೆಯ ಬ್ರಶ್ ಮತ್ತು ಸಾಧಾರಣ ಸೋಪು ಸಾಕು. ರಾತ್ರಿ ತೆಗೆದು ನೀರಿನಲ್ಲಿಡಬೇಕು, ವಸಡಿಗೂ ಬಿಡುವು ಬೇಕು.

ಡಾಕ್ಟರ ಹತ್ತಿರ ಹೋಗುವ ದಿನ ತುಂಡುಗಳನ್ನು ಕಾಗದದಲ್ಲಿ ಸುತ್ತಬೇಡಿ, ಕಸವೆಂದು ಯಾರಾದರೂ ಬಿಸಾಡುತ್ತಾರೆ, ನನ್ನ ಕ್ಲಿನಿಕ್ಕಿನಲ್ಲೇ ಒಮ್ಮೆ ಹಾಗಾಗಿದೆ. ಸ್ವಲ್ಪ ನೀರು ಹಾಕಿದ ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಿ. ಗಟ್ಟಿಯಿರುವ ಕೆಳಗಿನ ಸೆಟ್ಟನ್ನೂ ತೆಗೆದುಕೊಂಡು ಹೋಗಿ, ಎರಡೂ ಸೇರಿ ಕಚ್ಚುವುದನ್ನು ನೋಡಬೇಕು. ಮತ್ತೆ ಅಮ್ಮನನ್ನು ಮನೆಯಲ್ಲಿ ಬಿಟ್ಟು, ತುಂಡುಗಳನ್ನು ಮಾತ್ರ ತೊಟ್ಟೆಯಲ್ಲಿ ಹಾಕಿ ಬೈಕಿನಲ್ಲಿ ತಂದು "ಜೋಡಿಸಿ ಇಡಿ ಡಾಕ್ಟ್ರೇ, ಸಂಜೆ ಬರುತ್ತೇನೆ" ಎನ್ನುವ ಮಗ ನೀವಾಗಬೇಡಿ. ನಾನು ಮೊದಲು ಬೆರಳಿಡಬೇಕಾದದ್ದು ಅವರ ಬಾಯಿಯಲ್ಲಿ.